ಒಂದು ಲೀಟರು ವಿಷ, ಒಂದು ಯೂನಿಟ್ಟು ವಿದ್ಯುತ್ತು

ಮೆಥನಾಲು ಎಂಬ ದ್ರವಕ್ಕೆ ನಮ್ಮ ನಾಡಿನಲ್ಲಿ ಒಳ್ಳೆಯ ಹೆಸರಿಲ್ಲ. 1981ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿ ಕುಡಿದ 300ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟಾಗಲೂ, ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮರುವರ್ಷ, ಅಂದರೆ 2008ರ ಮೇ ತಿಂಗಳಿನಲ್ಲಿ, ಬೆಂಗಳೂರು ಕೋಲಾರಗಳಿಂದ ಮೊದಲ್ಗೊಂಡು ಗಡಿಯಾಚೆಯ ಕೃಷ್ಣಗಿರಿಯವರೆಗೆ 150ಕ್ಕೂ ಮಿಕ್ಕಿ ಮಂದಿ ಅದೇ ಬಗೆಯಲ್ಲಿ ಅಳಿದಾಗಲೂ, ಪತ್ರಿಕೆಗಳ ಮೊದಲ ಪುಟದಲ್ಲಿ ಅಚ್ಚಾದ ಹೆಸರು ಇದೇ ಮೀಥೈಲ್ ಆಲ್ಕೊಹಾಲಿನದು. ಬದುಕುಳಿದವರಲ್ಲಿ ಹಲವರು ಕಣ್ಣು ಕಳೆದುಕೊಂಡಿದ್ದರು. ಕುಡಿಯುವ ಮದ್ಯಸಾರಕ್ಕೂ ಇದಕ್ಕೂ ನೋಟದಲ್ಲಾಗಲಿ ವಾಸನೆಯಲ್ಲಾಗಲಿ ಸಾಮಾನ್ಯನು ಗುರುತಿಸಬಲ್ಲ ಭೇದವಿಲ್ಲದಿರುವುದೂ, ಬೃಹತ್ಪ್ರಮಾಣದಲ್ಲಿ ಕೊಂಡರೆ ಇದು ಅಗ್ಗವಾಗಿರುವುದೂ, ಎರಡೂ ಸೇರಿ ಬಡವರ ಪಾಲಿಗೆ ಮೃತ್ಯುವಾದ ಈ ವರ್ಣರಹಿತ ದ್ರವವನ್ನು ಅಂಗೈಯಗಲದ ಒಂದು ಪಾತ್ರೆಗೆ ನೀರಿನೊಡನೆ ಬೆರೆಸಿ ಹೊಯ್ದರೆ, ಬೆಂಕಿಯಿಲ್ಲದೆ, ಹೊಗೆಯಿಲ್ಲದೆ, ಸದ್ದಿಲ್ಲದೆ, ವಿದ್ಯುತ್ತು ಹೊರಡುತ್ತದೆಂದು ಹೇಳಿದರೆ ಕೇಳಿದವರು ಒಡನೆಯೇ ನಂಬುವುದು ಕಷ್ಟ.

ಆದರೆ ಸೋಜಿಗದ ಸಂಗತಿಯೇನೆಂದರೆ, ಕುಡಿದವನ ಯಕೃತ್ತಿನಲ್ಲಿ ನಡೆಯುವ ರಾಸಾಯನಿಕ ವ್ಯಾಪಾರಕ್ಕೂ ಆ ಪುಟ್ಟ ಪಾತ್ರೆಯಲ್ಲಿ ನಡೆಯುವ ವ್ಯಾಪಾರಕ್ಕೂ ದಾರಿ ಬಹುಮಟ್ಟಿಗೆ ಒಂದೇ. ಯಕೃತ್ತಿನ ಕಿಣ್ವಗಳು ಮೆಥನಾಲನ್ನು ಮೊದಲು ಫಾರ್ಮಾಲ್ಡಿಹೈಡಾಗಿಯೂ ಅದನ್ನು ಮತ್ತೆ ಫಾರ್ಮಿಕ್ ಆಮ್ಲವಾಗಿಯೂ ಉತ್ಕರ್ಷಿಸುತ್ತವೆ. ಆಮೇಲೆ ಅದನ್ನು ಇಂಗಾಲದ ಡೈಆಕ್ಸೈಡಾಗಿಸಿ ಉಸಿರಿನಲ್ಲಿ ಹೊರಹಾಕಬೇಕಾದ ಕೊನೆಯ ಮೆಟ್ಟಿಲಿನಲ್ಲಿ ಮನುಷ್ಯದೇಹವು ಅತಿ ನಿಧಾನಿ. ಹೀಗೆ ತಡೆದು ನಿಂತ ಫಾರ್ಮಿಕ್ ಆಮ್ಲವು ಜೀವಕೋಶಗಳ ಉಸಿರಾಟವನ್ನೇ ಕಟ್ಟಿಹಾಕುವುದರಿಂದ, ಹೆಚ್ಚು ಶಕ್ತಿ ಬೇಡುವ ಕಣ್ಣಿನ ನರವು ಮೊದಲು ಬಲಿಯಾಗುತ್ತದೆ. ಇಂಧನ ಕೋಶವೆಂದು ಕರೆಯುವ ಆ ಪಾತ್ರೆಯಲ್ಲಿಯೂ ಇವೇ ಮಧ್ಯವರ್ತಿಗಳು ಹುಟ್ಟುತ್ತವೆ. ಆದರೆ ಅಲ್ಲಿ ಪ್ಲಾಟಿನಮ್ಮಿನ ಕಣಗಳ ಮೇಲೆ ದಾರಿ ಕೊನೆಯವರೆಗೂ ಸಾಗಿ, ಪ್ರತಿಯೊಂದು ಅಣುವೂ ಇಂಗಾಲದ ಡೈಆಕ್ಸೈಡಾಗುವಾಗ ಆರು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಆ ಆರು ಎಲೆಕ್ಟ್ರಾನುಗಳನ್ನು ತಂತಿಯ ಮೂಲಕ ಸುತ್ತಿಸಿ ಕೆಲಸ ಮಾಡಿಸಿಕೊಳ್ಳುವುದೇ ಈ ವಿದ್ಯೆಯ ಸಾರ.

ಕೋಶದ ರಚನೆಯನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ನಡುವೆ ಒಂದು ತೆಳುವಾದ ಪೊರೆ. ಅದರ ಎರಡು ಮಗ್ಗುಲಿಗೂ ಲೋಹದ ಪುಡಿ ಲೇಪಿಸಿದ ಇಂಗಾಲದ ಬಟ್ಟೆ ಅಥವಾ ಕಾಗದ. ಒಂದು ಮಗ್ಗುಲಿಗೆ ಮೆಥನಾಲು ಬೆರೆತ ನೀರು, ಇನ್ನೊಂದು ಮಗ್ಗುಲಿಗೆ ಬರಿಯ ಗಾಳಿ. ಮೆಥನಾಲಿನ ಕಡೆಯಲ್ಲಿ ಒಂದು ಅಣು ಮೆಥನಾಲು ಒಂದು ಅಣು ನೀರಿನೊಡನೆ ಕೂಡಿ ಇಂಗಾಲದ ಡೈಆಕ್ಸೈಡು, ಆರು ಪ್ರೋಟಾನು, ಆರು ಎಲೆಕ್ಟ್ರಾನುಗಳಾಗಿ ಒಡೆಯುತ್ತದೆ. ಪ್ರೋಟಾನುಗಳು ಪೊರೆಯನ್ನು ತೂರಿ ಆಚೆಗೆ ಹೋಗುತ್ತವೆ. ಪೊರೆಯಲ್ಲಿ ದಾರಿ ಸಿಗದ ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಬಳಸಿಕೊಂಡು ಬಂದು, ಗಾಳಿಯ ಆಮ್ಲಜನಕವನ್ನೂ ಆ ಪ್ರೋಟಾನುಗಳನ್ನೂ ಸೇರಿ ನೀರಾಗುತ್ತವೆ. ಲೆಕ್ಕದ ಪ್ರಕಾರ ಇಂತಹ ಕೋಶವೊಂದು 1.21 ವೋಲ್ಟು ಕೊಡಬೇಕು. ಹೊರೆ ಹೊರಿಸಿದಾಗ ಕೊಡುವುದು 0.3ರಿಂದ 0.5 ವೋಲ್ಟು ಮಾತ್ರ. ಈ ಎರಡು ಅಂಕಿಗಳ ನಡುವಣ ಅಂತರವೇ ಕಳೆದ ಅರವತ್ತು ವರ್ಷಗಳ ಸಂಶೋಧನೆಯ ಕಣವೆಂದು ಹೇಳಿದರೆ ತಪ್ಪಾಗಲಾರದು.

ಸಿರಿಗೆರೆಯಂತಹ ಊರಿನಲ್ಲಿ ಇಂಥದನ್ನು ಕುರಿತು ಯೋಚಿಸುವುದು ಅಷ್ಟೇನೂ ಅಸಹಜವಲ್ಲ. ಚಿತ್ರದುರ್ಗ ದಾವಣಗೆರೆಗಳ ನಡುವೆ ಹೆದ್ದಾರಿಯಿಂದ ಒಳಕ್ಕೆ ಸರಿದಿರುವ ಈ ಊರು ತರಳಬಾಳು ಬೃಹನ್ಮಠದ ಪೀಠಸ್ಥಾನವಾದುದರಿಂದ, ಸುತ್ತಣ ಒಣಸೀಮೆಯ ರೈತರ ಮಕ್ಕಳು ತಲೆಮಾರುಗಳಿಂದ ಇಲ್ಲಿಯ ವಿದ್ಯಾರ್ಥಿನಿಲಯಗಳಲ್ಲಿ ಇದ್ದುಕೊಂಡು ಓದಿದ್ದಾರೆ. ಪಾಣಿನಿಯ ಅಷ್ಟಾಧ್ಯಾಯಿಯನ್ನು ಗಣಕಯಂತ್ರಕ್ಕೆ ಇಳಿಸಿದ ಕೆಲಸ ಈಗಿನ ಜಗದ್ಗುರುಗಳಾದ ಶಿವಮೂರ್ತಿ ಶಿವಾಚಾರ್ಯರದು. ಶಾಸ್ತ್ರವೂ ಯಂತ್ರವೂ ಒಂದೇ ಜಗುಲಿಯಲ್ಲಿ ಕುಳಿತುಕೊಳ್ಳುವುದು ಇಲ್ಲಿಯವರಿಗೆ ಹೊಸದಲ್ಲ. ಈ ಭಾಗದ ಶಾಲೆಯೊಂದರ ಪ್ರಯೋಗಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರೊಬ್ಬರು ಹುಡುಗರಿಗೆ ತೋರಿಸಲೆಂದು ತರಿಸಿದ ಮಾದರಿ ಕೋಶವೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಪಾರದರ್ಶಕ ಪ್ಲಾಸ್ಟಿಕ್ಕಿನ ಪೆಟ್ಟಿಗೆ; ಅದರೊಳಕ್ಕೆ ಸಿರಿಂಜಿನಿಂದ ನೂರಕ್ಕೆ ಮೂರು ಪಾಲಿನ ಮೆಥನಾಲು ದ್ರಾವಣವನ್ನು ಏರಿಸಿ, ಎರಡು ತಂತಿಗಳನ್ನು ಸಣ್ಣ ಫ್ಯಾನಿಗೆ ಸಿಕ್ಕಿಸಿದರು. ಮೊದಲು ಏನೂ ಆಗಲಿಲ್ಲ. “ಸಾ, ಕರೆಂಟೇ ಇಲ್ಲ” ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. “ತಡಿಯೋ ಮಾರಾಯ, ಅದು ಬಿಸಿಯಾಗ್ಬೇಕು” ಎಂದು ಮೇಷ್ಟ್ರು ಪೆಟ್ಟಿಗೆಯನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದರು. ಸ್ವಲ್ಪ ಹೊತ್ತಿಗೆ ಫ್ಯಾನಿನ ರೆಕ್ಕೆ ಅಲುಗಿತು, ನಿಂತಿತು, ಮತ್ತೆ ಅಲುಗಿ ಸೋಮಾರಿಯಂತೆ ತಿರುಗತೊಡಗಿತು. ಕಪ್ಪನೆಯ ವಿದ್ಯುದ್ಧ್ರುವದ ಮೈಮೇಲೆ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಕೂತುಕೊಂಡು, ಒಂದನ್ನೊಂದು ಕೂಡಿ ದಪ್ಪವಾಗಿ, ಬಿಟ್ಟು ಮೇಲೇರುತ್ತಿದ್ದುವು. ಅವು ಇಂಗಾಲದ ಡೈಆಕ್ಸೈಡಿನ ಗುಳ್ಳೆಗಳು. ಆ ಫ್ಯಾನು ಯಾರಿಗೂ ಗಾಳಿ ಬೀಸಲಾರದು. ಆದರೂ ಪಿರಿಯಡ್ಡು ಮುಗಿದು ಗಂಟೆ ಹೊಡೆದ ಮೇಲೂ ಅದು ತಿರುಗುತ್ತಲೇ ಇತ್ತು, ಹುಡುಗರು ಹೋಗದೆ ಸುತ್ತಲೂ ಮುತ್ತಿಕೊಂಡೇ ಇದ್ದರು.

ಅಂಗೈಯ ಬಿಸಿ ಏಕೆ ಬೇಕಾಯಿತು ಎಂಬಲ್ಲಿಯೇ ಈ ಕೋಶದ ಮೊದಲ ಕಷ್ಟವಿದೆ. ಮೆಥನಾಲು ಒಡೆಯುವ ದಾರಿಯಲ್ಲಿ ಇಂಗಾಲದ ಮಾನಾಕ್ಸೈಡು ಹುಟ್ಟಿ ಪ್ಲಾಟಿನಮ್ಮಿನ ಮೇಲೆ ಬಿಗಿಯಾಗಿ ಅಂಟಿಕೊಳ್ಳುತ್ತದೆ; ತಣ್ಣಗಿದ್ದಷ್ಟೂ ಆ ಹಿಡಿತ ಬಲ. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರಿನಿಂದ ಹೊರಟು ಮನುಷ್ಯರ ಜೀವ ತೆಗೆಯುವ ಅನಿಲವೇ ಇಲ್ಲಿ ಲೋಹವನ್ನೂ ವಿಷಗೊಳಿಸುತ್ತದೆಂದು ತಿಳಿಯಬಹುದು. ಅಂಟಿದ್ದನ್ನು ಕಿತ್ತು ಹಾಕಲು ಆಮ್ಲಜನಕ ಬೇಕು, ಅದು ನೀರಿನಿಂದ ಬರಬೇಕು, ಆದರೆ ನೀರನ್ನು ಒಡೆಯುವುದರಲ್ಲಿ ಪ್ಲಾಟಿನಮ್ಮು ಆಲಸಿ. ಪ್ಲಾಟಿನಮ್ಮಿನ ಪಕ್ಕದಲ್ಲಿ ರುಥೇನಿಯಮ್ಮಿನ ಪರಮಾಣುಗಳನ್ನು ಕೂರಿಸಿದರೆ ಅವು ಕಡಿಮೆ ವೋಲ್ಟಿನಲ್ಲಿಯೇ ನೀರನ್ನು ಹಿಡಿದು ಒದಗಿಸುತ್ತವೆಂಬ ಮರ್ಮವನ್ನು ಜಪಾನಿನ ವತನಾಬೆ ಮತ್ತು ಮೊಟೂ ಎಂಬ ವಿಜ್ಞಾನಿಗಳು 1975ರಲ್ಲಿ ವಿವರಿಸಿದರು. ಇಂದಿಗೂ ಈ ಜೋಡಿಯನ್ನು ಮೀರಿಸಿದ ಕ್ರಿಯಾವರ್ಧಕ ಬಳಕೆಗೆ ಬಂದಿಲ್ಲ. ಎರಡೂ ಬೆಲೆಬಾಳುವ ಲೋಹಗಳು. ಶುದ್ಧ ಜಲಜನಕದ ಕೋಶದಲ್ಲಿ ಚದರ ಸೆಂಟಿಮೀಟರಿಗೆ ಅರ್ಧ ಮಿಲಿಗ್ರಾಮಿಗೂ ಕಡಿಮೆ ಲೋಹ ಸಾಕಾದರೆ, ಮೆಥನಾಲಿನ ಕೋಶಕ್ಕೆ ಎರಡರಿಂದ ನಾಲ್ಕು ಮಿಲಿಗ್ರಾಮು ಬೇಕಾಗುತ್ತದೆ.

ಎರಡನೆಯ ಕಷ್ಟ ಪೊರೆಯದು, ಮತ್ತು ಇದರ ಅಧ್ಯಯನದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಪ್ರೋಟಾನುಗಳನ್ನು ಮಾತ್ರ ಬಿಟ್ಟು ಉಳಿದುದನ್ನು ತಡೆಯಬೇಕಾದ ಪೊರೆಯಾಗಿ ಎಲ್ಲರೂ ಬಳಸುವುದು ನೇಫಿಯಾನ್ ಎಂಬ ಫ್ಲೋರಿನ್‌ಯುಕ್ತ ಪಾಲಿಮರನ್ನು. ಡ್ಯುಪಾಂಟ್ ಕಂಪನಿಯ ವಾಲ್ಥರ್ ಗ್ರಾಟ್ 1960ರ ದಶಕದಲ್ಲಿ ರೂಪಿಸಿದ ಈ ಪದಾರ್ಥದೊಳಗೆ ನೀರು ತುಂಬಿದ ಸೂಕ್ಷ್ಮ ನಾಳಗಳಿವೆ, ಪ್ರೋಟಾನು ಸಾಗುವುದು ಆ ನೀರಿನ ಮೂಲಕ. ನೀರಿನಲ್ಲಿ ಎಲ್ಲ ಪ್ರಮಾಣದಲ್ಲಿಯೂ ಬೆರೆಯುವ ಮೆಥನಾಲಿಗೆ ಅದೇ ನಾಳವು ರಾಜಮಾರ್ಗವಾಯಿತು. ಹೀಗೆ ಆಚೆಗೆ ನುಸುಳಿದ ಮೆಥನಾಲು ವಿದ್ಯುತ್ತು ಕೊಡದೆ ಸುಮ್ಮನೆ ಉರಿದುಹೋಗುವುದಲ್ಲದೆ, ಗಾಳಿಯ ಕಡೆಯ ವಿದ್ಯುದ್ಧ್ರುವವನ್ನೂ ಕೆಡಿಸಿ ಕೋಶದ ವೋಲ್ಟನ್ನು ಇಳಿಸುತ್ತದೆ. ಭಾರತೀಯ ವಿಜ್ಞಾನ ಮಂದಿರದ ಘನಸ್ಥಿತಿ ಮತ್ತು ರಚನಾತ್ಮಕ ರಸಾಯನಶಾಸ್ತ್ರ ವಿಭಾಗದಲ್ಲಿ ಎ. ಕೆ. ಶುಕ್ಲಾ ಅವರೂ ಎಂ. ಕೆ. ರವಿಕುಮಾರ್ ಅವರೂ ಸೇರಿ ಈ ನುಸುಳುವಿಕೆಯ ಪರಿಣಾಮವನ್ನು ಅಳೆದು 1996ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಇಂದಿಗೂ ಈ ಕ್ಷೇತ್ರದವರು ಉಲ್ಲೇಖಿಸುತ್ತಾರೆ. ಶುಕ್ಲಾ ಅವರು ಬೆಂಗಳೂರಿನ ಸಹೋದ್ಯೋಗಿಗಳೊಡನೆ ತುಕ್ಕುಹಿಡಿಯದ ಉಕ್ಕಿನ ಫಲಕಗಳನ್ನು ಬಳಸಿ 5 ವಾಟ್ ಸಾಮರ್ಥ್ಯದ ಕೋಶಶ್ರೇಣಿಯೊಂದನ್ನು ಕಟ್ಟಿದರು. ಮೆಥನಾಲನ್ನೂ ಗಾಳಿಯನ್ನೂ ಬೇರ್ಪಡಿಸದೆ ಒಟ್ಟಿಗೇ ಹರಿಸಿ, ಒಂದೊಂದು ವಿದ್ಯುದ್ಧ್ರುವವೂ ತನಗೆ ಬೇಕಾದುದನ್ನು ಮಾತ್ರ ಆರಿಸಿಕೊಳ್ಳುವಂತೆ ಮಾಡುವ ಮಿಶ್ರಪ್ರವಾಹದ ಕೋಶಗಳ ಮೇಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಹೋದ್ಯೋಗಿಗಳೊಡನೆ ದುಡಿದರು. ತಮಿಳುನಾಡಿನ ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ ಹೋದ ಮೇಲೆ ನೇಫಿಯಾನಿಗೆ ಬದಲಾಗಿ ಅಗ್ಗದ ಪಾಲಿವಿನೈಲ್ ಆಲ್ಕೊಹಾಲಿನ ಮಿಶ್ರ ಪೊರೆಗಳನ್ನು ಅಲ್ಲಿ ಪರೀಕ್ಷಿಸಿದರು. ನುಸುಳುವಿಕೆ ಕಡಿಮೆಯಾಗಲೆಂದೇ ಇಂದಿಗೂ ಕೋಶದೊಳಕ್ಕೆ ಬರಿಯ ಮೆಥನಾಲನ್ನು ಬಿಡದೆ, ಆ ಶಾಲೆಯ ಮೇಷ್ಟ್ರು ಮಾಡಿದಂತೆ, ನೂರಕ್ಕೆ ಮೂರರಷ್ಟು ತೆಳುವಾಗಿಸಿಯೇ ಬಿಡುತ್ತಾರೆ.

ದ್ರವರೂಪದ ಮೆಥನಾಲನ್ನು ಆವಿಯಾಗಿಸದೆ, ಆಮ್ಲ ಬೆರೆಸದೆ, ನೇರವಾಗಿ ಪಾಲಿಮರ್ ಪೊರೆಯ ಕೋಶಕ್ಕೆ ಕೊಡಬಹುದೆಂಬ ಈಗಿನ ವಿಧಾನ ರೂಪುಗೊಂಡದ್ದು ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ, 1990ರ ದಶಕದ ಆದಿಯಲ್ಲಿ. ಅದರಲ್ಲಿಯೂ ನಮ್ಮ ನಾಡಿನ ಕೈಯೊಂದುಂಟು. 1953ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮುಗಿಸಿ, ಮದರಾಸಿನ ಐ.ಐ.ಟಿ.ಯಲ್ಲಿ ಎಂ.ಎಸ್ಸಿ. ಮಾಡಿ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದ ಜಿ. ಕೆ. ಸೂರ್ಯಪ್ರಕಾಶ್ ಅವರು ಅಲ್ಲಿ ಹಂಗೇರಿ ಮೂಲದ ಜಾರ್ಜ್ ಓಲಾ ಅವರ ಶಿಷ್ಯರಾಗಿ, ಬಳಿಕ ಸಹೋದ್ಯೋಗಿಯಾಗಿ, ಗುರುವಿನ ಕೊನೆಯ ದಿನಗಳವರೆಗೂ ಜೊತೆಗಿದ್ದವರು. ಓಲಾ ಅವರಿಗೆ 1994ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದುದು ಬೇರೊಂದು ವಿಷಯಕ್ಕಾಗಿ. ಇವರಿಬ್ಬರೂ ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಸುರಂಪೂಡಿ, ನಾರಾಯಣನ್, ಹಾಲ್ಪರ್ಟ್ ಮುಂತಾದವರೊಡನೆ ಕೂಡಿ ಮಾಡಿದ ಕೆಲಸಕ್ಕೆ 1997ರಲ್ಲಿ ಪೇಟೆಂಟು ದೊರೆಯಿತು. ಓಲಾ ಮತ್ತು ಪ್ರಕಾಶ್ ಅಲ್ಲಿಗೇ ನಿಲ್ಲದೆ, ಪೆಟ್ರೋಲಿಯಮ್ಮಿನ ಸ್ಥಾನದಲ್ಲಿ ಮೆಥನಾಲನ್ನು ಕೂರಿಸಿದ ಒಂದು ಅರ್ಥವ್ಯವಸ್ಥೆಯನ್ನೇ ಕಲ್ಪಿಸಿ 2006ರಲ್ಲಿ ಗ್ರಂಥ ಬರೆದರು. 2013ರಲ್ಲಿ ಇಸ್ರೇಲ್ ದೇಶವು ಬದಲಿ ಇಂಧನಗಳ ಸಂಶೋಧನೆಗಾಗಿ ಕೊಡುವ ಸ್ಯಾಮ್ಸನ್ ಪ್ರಶಸ್ತಿಯನ್ನು ಮೊಟ್ಟಮೊದಲ ವರ್ಷದಲ್ಲಿ ಗುರುಶಿಷ್ಯರು ಹಂಚಿಕೊಂಡರು. ನಮ್ಮವರಲ್ಲಿ ಹಲವರಿಗೆ ಸೂರ್ಯಪ್ರಕಾಶರ ಹೆಸರು ಅಪರಿಚಿತವಾಗಿರುವುದನ್ನು ಕಂಡಾಗ, ಸಿನಿಮಾ ನಟರ ಹುಟ್ಟುಹಬ್ಬಗಳಿಗೆ ಪುಟ ಮೀಸಲಿಡುವ ಪತ್ರಿಕೆಗಳ ಮೇಲೆ ತುಸು ಅಸಮಾಧಾನವಾಗುವುದು ಸಹಜ.

ಇಷ್ಟೆಲ್ಲ ಬುದ್ಧಿ ವೆಚ್ಚವಾದ ಮೇಲೂ ಈ ಕೋಶ ನಮ್ಮ ಜೇಬಿಗೆ ಬರಲಿಲ್ಲವೇಕೆ? ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ದೊಡ್ಡ ಕಂಪನಿಗಳೆಲ್ಲ ಅದು ಜೇಬಿಗೇ ಬರುತ್ತದೆಂದು ನಂಬಿದ್ದುವು. ಒಂದು ಕಿಲೋ ಮೆಥನಾಲಿನಲ್ಲಿ ಲೆಕ್ಕಪ್ರಕಾರ 6 ಯೂನಿಟ್ಟಿನಷ್ಟು ಶಕ್ತಿಯಿದೆ, ಅಷ್ಟೇ ತೂಕದ ಲಿಥಿಯಮ್ ಬ್ಯಾಟರಿಯಲ್ಲಿ ಆಗ ಕಾಲು ಯೂನಿಟ್ಟೂ ಇರುತ್ತಿರಲಿಲ್ಲ. ಈ ಅಂಕಿಗಳನ್ನು ನೋಡಿದವರಿಗೆ ಆಸೆ ಹುಟ್ಟದಿದ್ದರೆ ಆಶ್ಚರ್ಯ. ತೋಷಿಬಾ ಕಂಪನಿಯು 2004ರಲ್ಲಿ ಹೆಬ್ಬೆರಳಿನ ಗಾತ್ರದ, ಕೇವಲ 8.5 ಗ್ರಾಂ ತೂಕದ ಕೋಶವನ್ನು ತೋರಿಸಿ ಲೋಕವನ್ನು ಬೆರಗುಗೊಳಿಸಿತು. ವಿಮಾನದೊಳಕ್ಕೆ ಮೆಥನಾಲಿನ ಸಣ್ಣ ಭರಣಿಗಳನ್ನು ಒಯ್ಯಲು ಅಂತಾರಾಷ್ಟ್ರೀಯ ನಿಯಮಗಳೂ 2007ರಲ್ಲಿ ಸಡಿಲವಾದುವು. 2009ರ ಅಕ್ಟೋಬರಿನಲ್ಲಿ ಅದೇ ಕಂಪನಿ ಡೈನಾರಿಯೊ ಎಂಬ ಹೆಸರಿನಲ್ಲಿ, 14 ಮಿಲಿಲೀಟರು ಮೆಥನಾಲು ಹಿಡಿಯುವ, ಎರಡು ಮೊಬೈಲುಗಳನ್ನು ಚಾರ್ಜು ಮಾಡಬಲ್ಲ ಪೆಟ್ಟಿಗೆಗಳನ್ನು ಜಪಾನಿನಲ್ಲಿ 3,000 ಸಂಖ್ಯೆಯಲ್ಲಿ ಮಾರಿತು. ಬೆಲೆ 29,800 ಯೆನ್ನು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಆರು ಯೂನಿಟ್ಟಿನ ಆಶ್ವಾಸನೆಯಲ್ಲಿ ನಿಜವಾಗಿ ಕೈಗೆ ಬರುವುದು ನಾಲ್ಕನೆಯ ಒಂದು ಪಾಲು, ಉಳಿದುದು ಶಾಖ. ಒಂದು ವಾಟ್ ಬೇಕಾದರೂ ಹತ್ತಿಪ್ಪತ್ತು ಚದರ ಸೆಂಟಿಮೀಟರು ವಿದ್ಯುದ್ಧ್ರುವ. ಇದರ ಜೊತೆಗೆ ಉಗಿಯುವ ನೀರಾವಿ ಜೇಬನ್ನು ತೇವ ಮಾಡುವುದು ಬೇರೆ. ಆ ಹೊತ್ತಿಗೆ ಲಿಥಿಯಮ್ ಬ್ಯಾಟರಿ ವರ್ಷವರ್ಷವೂ ಅಗ್ಗವಾಗುತ್ತ ಹೋಯಿತು, ಪ್ಲಗ್ಗು ಎಲ್ಲ ಗೋಡೆಗಳಲ್ಲಿಯೂ ಇತ್ತು. ಗೋಡೆಯಲ್ಲಿ ಪ್ಲಗ್ಗು ಇರುವಲ್ಲಿ ವಿಷದ ಭರಣಿಯನ್ನು ಯಾರು ಕೊಳ್ಳುತ್ತಾರೆ?

ಗೋಡೆಯೇ ಇಲ್ಲದ ಕಡೆ ಮಾತು ಬೇರೆ. ಈ ಸೂಕ್ಷ್ಮವನ್ನು ಕಂಡುಕೊಂಡುದು 2000ದಲ್ಲಿ ಆರಂಭವಾದ ಜರ್ಮನಿಯ ಎಸ್‌ಎಫ್‌ಸಿ ಎನ್ನುವ ಸಂಸ್ಥೆ. ಅದು ಮೊಬೈಲಿನ ಗೊಡವೆಗೆ ಹೋಗದೆ, ಕಾಡುಮೇಡುಗಳಲ್ಲಿ ತಿಂಗಳುಗಟ್ಟಲೆ ಮನುಷ್ಯರು ಹೋಗದ ಸಂಚಾರ ಸಂಕೇತ, ಹವಾಮಾನ ಯಂತ್ರ, ಗಡಿಕಾವಲಿನ ಕ್ಯಾಮೆರಾ, ಪ್ರವಾಸದ ಗಾಡಿ, ಸೈನಿಕರ ಬೆನ್ನುಚೀಲ, ಇಂಥವುಗಳ ಬ್ಯಾಟರಿಯನ್ನು ಸದಾ ತುಂಬಿಟ್ಟಿರುವ ಪೆಟ್ಟಿಗೆಗಳನ್ನು ಮಾಡಿತು. ಭಾರತದಲ್ಲಿ ಗುರುಗ್ರಾಮದ ಸಂಸ್ಥೆಯೊಂದರ ಜೊತೆಗೂಡಿ ಸೈನ್ಯಕ್ಕೂ ಒದಗಿಸಿತು. ಈ ಪೆಟ್ಟಿಗೆಗಳು ಒಂದು ಯೂನಿಟ್ಟಿಗೆ ಸುಮಾರು 0.9 ಲೀಟರು ಮೆಥನಾಲು ಕುಡಿಯುತ್ತವೆ. ಈ ಅಂಕಿಯನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಸೀಮೆಯನ್ನು ಸುತ್ತಿದರೆ ಯಾವುದು ಆಗುವ ಮಾತು, ಯಾವುದು ಆಗದ ಮಾತು ಎಂಬುದು ತಾನಾಗಿಯೇ ನಿಚ್ಚಳವಾಗುತ್ತದೆ.

ಹೊಳಲ್ಕೆರೆಯ ಅಡಿಕೆ ತೋಟದ ರೈತನಿಗೆ ತ್ರೀ ಫೇಸ್ ಕರೆಂಟು ಸರದಿಯ ಮೇಲೆ ಬರುವುದರಿಂದ ಅವನು ನಡುರಾತ್ರಿ ಬ್ಯಾಟರಿ ಹಿಡಿದು ಬೋರಿನ ಬಳಿಗೆ ಹೋಗಬೇಕಾಗುವುದುಂಟು. ಅವನ 5 ಹೆಚ್.ಪಿ. ಮೋಟರನ್ನು ಮೆಥನಾಲಿನ ಕೋಶದಿಂದ ನಡೆಸೋಣವೆಂದರೆ ಏಳು ಗಂಟೆಯ ಓಟಕ್ಕೆ 26 ಯೂನಿಟ್ಟು, ಅಂದರೆ ದಿನಕ್ಕೆ 23 ಲೀಟರು ದ್ರವ ಬೇಕು. ಅಷ್ಟು ಸಾಮರ್ಥ್ಯದ ಪೆಟ್ಟಿಗೆಗಳ ಬೆಲೆಗೆ ತೋಟವನ್ನೇ ಮಾರಬೇಕಾದೀತು. ಅದು ಆಗದ ಮಾತು. ಗ್ರಾಮ ಪಂಚಾಯಿತಿಗಳ ಅಂಗಳದಲ್ಲಿ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರವು ನಿಲ್ಲಿಸಿರುವ ಮಳೆಮಾಪಕಗಳಿಗೆ? ಅವುಗಳ ತಲೆಯ ಮೇಲೆ ಪುಟ್ಟ ಸೌರಫಲಕವಿದೆ. ಚಳ್ಳಕೆರೆ ಹಿರಿಯೂರುಗಳ ಬಿಸಿಲಿಗೆ ಅದೇ ಧಾರಾಳವಾಯಿತು. ಮೋಡವನ್ನು ಕಂಡು ಹಬ್ಬ ಮಾಡುವ ಸೀಮೆಯಿದು, ಇಲ್ಲಿ ಸೂರ್ಯನನ್ನು ಬಿಟ್ಟು ಭರಣಿಯ ಬೆನ್ನು ಹತ್ತುವುದು ಅವಿವೇಕ. ಆದರೆ ಇಲ್ಲಿಂದ ಪಡುವಣಕ್ಕೆ ಹೊರಟು ಶಿವಮೊಗ್ಗ ದಾಟಿ ಆಗುಂಬೆ ಹುಲಿಕಲ್ಲುಗಳ ಘಟ್ಟಕ್ಕೆ ಹೋಗಿ ನೋಡಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಸೂರ್ಯ ಹುಟ್ಟಿದನೋ ಇಲ್ಲವೋ ತಿಳಿಯದು, ಸೌರಫಲಕದ ಮೇಲೆ ಪಾಚಿ ಬೆಳೆಯುತ್ತದೆ, ಮರ ಬಿದ್ದು ತಂತಿ ಹರಿಯುತ್ತದೆ. ಕಾಡಿನೊಳಗಣ ವೈರ್‌ಲೆಸ್ ಮರುಪ್ರಸಾರಕವೋ ನದಿಯ ನೀರಿನ ಮಟ್ಟ ಅಳೆಯುವ ಯಂತ್ರವೋ ಬೇಕಾಗುವುದು ಸರಿಯಾಗಿ ಆ ದಿನಗಳಲ್ಲಿಯೇ. ಹಗಲಿರುಳೂ 10 ವಾಟ್ ಬೇಡುವ ಯಂತ್ರಕ್ಕೆ ದಿನಕ್ಕೆ ಕಾಲು ಯೂನಿಟ್ಟಿಗಿಂತ ತುಸು ಕಡಿಮೆ ಸಾಕು. 28 ಲೀಟರಿನ ಒಂದು ಕ್ಯಾನು 130 ದಿನ ಬರುತ್ತದೆ. ಮೃಗಶಿರೆಗೆ ಹೊತ್ತುಕೊಂಡು ಹೋಗಿ ಇಟ್ಟು ಬಂದರೆ ಮತ್ತೆ ಅತ್ತ ತಿರುಗಿ ನೋಡುವುದು ಮಳೆಗಾಲ ಕಳೆದ ಮೇಲೆ. ಡೀಸೆಲ್ ಜನರೇಟರಿನಂತೆ ಗದ್ದಲವಿಲ್ಲ, ಆನೆ ಕಾಟಿಗಳು ಬೆದರುವುದಿಲ್ಲ. ಮಲೆನಾಡಿಗೆ ಈ ಕೋಶ ಒಗ್ಗುತ್ತದೆ, ಬಯಲುಸೀಮೆಗೆ ಒಗ್ಗುವುದಿಲ್ಲ.

ಹಾಗಾದರೆ ಬಯಲುಸೀಮೆಯವರಿಗೆ ಈ ವಿಷಯದಲ್ಲಿ ಏನು ಕೆಲಸವೆಂದರೆ, ಅದರ ಉತ್ತರ ಕೋಶಕ್ಕೆ ಕುಡಿಸುವ ದ್ರವ ಎಲ್ಲಿಂದ ಬರಬೇಕೆಂಬ ಪ್ರಶ್ನೆಯಲ್ಲಿದೆ. ಪೊರೆಯನ್ನೂ ಪ್ಲಾಟಿನಮ್ಮನ್ನೂ ಕುರಿತು ಸಾವಿರಾರು ಪ್ರಬಂಧಗಳು ಬಂದಿದ್ದರೂ, ಈ ಪುಟ್ಟ ಯಂತ್ರದ ಹಣೆಬರಹ ನಿಂತಿರುವುದು ಭರಣಿಯೊಳಗಿನ ದ್ರವದ ಮೇಲೆ ಎಂದು ನನ್ನ ಅಭಿಪ್ರಾಯ. ಭಾರತವು ಬಳಸುವ ಮೆಥನಾಲಿನ ಬಹುಪಾಲು ಇರಾನು, ಸೌದಿ ಅರೇಬಿಯಾ ಮೊದಲಾದ ಕೊಲ್ಲಿದೇಶಗಳಿಂದ ಹಡಗಿನಲ್ಲಿ ಬರುತ್ತದೆ; ಅಲ್ಲಿ ಅದನ್ನು ನೆಲದಡಿಯ ಅನಿಲದಿಂದ ಮಾಡುತ್ತಾರೆ. ಅದನ್ನೇ ತಂದು ಕೋಶಕ್ಕೆ ಹೊಯ್ಯುವುದಾದರೆ ಡೀಸೆಲಿನ ದಾಸ್ಯವನ್ನು ಬಿಟ್ಟು ಇನ್ನೊಂದು ದಾಸ್ಯಕ್ಕೆ ಒಪ್ಪಿಸಿಕೊಂಡಂತೆ.

ನಾವೇ ಮೆಥನಾಲು ಮಾಡಿದ ಕಾಲವೂ ಒಂದಿತ್ತು. ಮರವನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿ ಬಟ್ಟಿ ಇಳಿಸಿದರೆ ಇದ್ದಿಲಿನ ಜೊತೆಗೆ ಈ ಸಾರ ಸಿಕ್ಕುತ್ತದೆಂಬುದನ್ನು ರಾಬರ್ಟ್ ಬಾಯ್ಲ್ 1661ರಷ್ಟು ಹಿಂದೆಯೇ ಗುರುತಿಸಿದ್ದನು. ಬೆಂಕೀಪುರವೆಂದು ಹೆಸರಾಗಿದ್ದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನವು ಕಬ್ಬಿಣದ ಕಾರ್ಖಾನೆಯನ್ನು ಕಟ್ಟಿ 1923ರಲ್ಲಿ ಕುಲುಮೆ ಹೊತ್ತಿಸಿದಾಗ, ಕಲ್ಲಿದ್ದಲು ದೂರವಾದುದರಿಂದ ಮಲೆನಾಡಿನ ಮರದ ಇದ್ದಿಲನ್ನೇ ನೆಚ್ಚಬೇಕಾಯಿತು. ಇದ್ದಿಲು ಸುಡುವಾಗ ಹೊಗೆಯಾಗಿ ಹೋಗುವುದನ್ನು ವ್ಯರ್ಥ ಮಾಡಬಾರದೆಂದು ಅಲ್ಲಿ ದೊಡ್ಡದೊಂದು ಕಾಷ್ಠ ಬಟ್ಟಿಯ ವಿಭಾಗವನ್ನು ನಿರ್ಮಿಸಿ, ಮೆಥನಾಲು, ಕ್ಯಾಲ್ಸಿಯಮ್ ಅಸಿಟೇಟು, ಟಾರು ಇವುಗಳನ್ನು ಉಪೋತ್ಪನ್ನಗಳಾಗಿ ತೆಗೆದು ಮಾರಿದರು. ಅದೇ ವರ್ಷ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡ ವಿಶ್ವೇಶ್ವರಯ್ಯನವರು ಪೈಸೆ ಪೈಸೆಗೂ ಲೆಕ್ಕ ಕೇಳಿದವರು. ಆದರೆ ಅದೇ 1923ರಲ್ಲಿ ಜರ್ಮನಿಯವರು ಲಾಯ್ನ ಎಂಬಲ್ಲಿ ಕಲ್ಲಿದ್ದಲಿನ ಅನಿಲದಿಂದ ಅಧಿಕ ಒತ್ತಡದಲ್ಲಿ ಮೆಥನಾಲನ್ನು ಕೃತಕವಾಗಿ ತಯಾರಿಸತೊಡಗಿದ್ದರು. ನಮ್ಮ ಬಟ್ಟಿ ಹೊತ್ತುವ ವೇಳೆಗೆ ಅದರ ಕಾಲ ಮುಗಿಯುತ್ತ ಬಂದಿತ್ತು. ಕಾಡಿಗೆ ಅದರಿಂದ ಒಳಿತೇ ಆಯಿತೆನ್ನಬೇಕು.

ಈಗ ಮತ್ತೆ ಮರ ಕಡಿಯಬೇಕಾಗಿಲ್ಲ. ಸುಗ್ಗಿಯ ನಂತರ ಸಿರಿಗೆರೆಯ ಸುತ್ತಿನ ಹಳ್ಳಿಗಳ ಹಿತ್ತಲುಗಳಲ್ಲಿ ಮೆಕ್ಕೆಜೋಳದ ದಿಂಡಿನ ರಾಶಿ ಆಳೆತ್ತರ ಬಿದ್ದಿರುತ್ತದೆ. ಸ್ವಲ್ಪ ಹಂಡೆಯ ಒಲೆಗೆ ಹೋಗುತ್ತದೆ, ಬಹಳಷ್ಟು ಸುಮ್ಮನೆ ಬೂದಿಯಾಗುತ್ತದೆ. ಹೊಸದುರ್ಗದ ತೆಂಗಿನ ಮಟ್ಟೆ ಕರಟಗಳು, ಹೊಳಲ್ಕೆರೆಯ ಅಡಿಕೆ ಸಿಪ್ಪೆಯ ಗುಡ್ಡೆಗಳು ಇವಕ್ಕೆ ಜೊತೆ. ಇಂಥವನ್ನು ಅರೆಗಾಳಿಯಲ್ಲಿ ಉರಿಸಿ ಅನಿಲವಾಗಿಸುವ ವಿದ್ಯೆಯನ್ನು ವಿಜ್ಞಾನ ಮಂದಿರದ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ಪಳಗಿಸಿ, 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಅದರಿಂದ ದೀಪ ಹಚ್ಚಿ ತೋರಿಸಿದ್ದುಂಟು. ಆ ಅನಿಲವನ್ನು ಶುದ್ಧಗೊಳಿಸಿ, 50ರಿಂದ 100 ವಾಯುಭಾರದ ಒತ್ತಡದಲ್ಲಿ, 250 ಡಿಗ್ರಿಯ ಬಿಸಿಯಲ್ಲಿ, ತಾಮ್ರ ಮತ್ತು ಸತುವಿನ ಕ್ರಿಯಾವರ್ಧಕದ ಮೇಲೆ ಹಾಯಿಸಿದರೆ ಮೆಥನಾಲು. ಎರಡು ಎರಡೂವರೆ ಕಿಲೋ ಒಣ ದಿಂಡಿಗೆ ಒಂದು ಕಿಲೋ ದ್ರವ ಬಂದರೆ ಒಳ್ಳೆಯ ಇಳುವರಿ. ಒತ್ತಡದ ಯಂತ್ರಗಳು ದುಬಾರಿಯಾದುದರಿಂದ ಹಳ್ಳಿಗೊಂದು ಸ್ಥಾವರವೆಂಬುದು ಕನಸಿನ ಮಾತು. ತಾಲ್ಲೂಕು ಎರಡು ತಾಲ್ಲೂಕಿಗೆ ಒಂದಾದರೆ ಯೋಚಿಸಬಹುದು.

ಇನ್ನೊಂದು ದಾರಿ ಗಾಳಿಯದು. ಚಿತ್ರದುರ್ಗದ ಸುತ್ತಣ ಗುಡ್ಡಗಳ ನೆತ್ತಿಯ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳು ಆಷಾಢದಲ್ಲಿ ಬಿಡುವಿಲ್ಲದೆ ತಿರುಗುವಾಗ ಅವುಗಳ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ತೆಗೆದು, ಎಥನಾಲಿನ ಬಟ್ಟಿಗಳಲ್ಲಿ ಹುಳಿಯುವ ಕಾಕಂಬಿಯಿಂದ ಸುಮ್ಮನೆ ಹಾರಿಹೋಗುವ ಇಂಗಾಲದ ಡೈಆಕ್ಸೈಡಿನೊಡನೆ ಅದನ್ನು ಬೆಸೆಯಬಹುದು. ಐಸ್‌ಲೆಂಡಿನಲ್ಲಿ ಓಲಾ ಅವರ ಹೆಸರಿನ ಸ್ಥಾವರವು ಭೂಗರ್ಭದ ಅನಿಲದಿಂದ 2012ರಲ್ಲಿಯೇ ಇದನ್ನು ಮಾಡತೊಡಗಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸೆಬಾಸ್ಟಿಯನ್ ಪೀಟರ್ ಅವರ ತಂಡವು ಇದೇ ದಾರಿಯ ಕ್ರಿಯಾವರ್ಧಕಗಳನ್ನು ರೂಪಿಸಿ, 2018ರಲ್ಲಿ ಇಂಗಾಲ ಬಳಕೆಯ ಅಂತಾರಾಷ್ಟ್ರೀಯ ಸ್ಪರ್ಧೆಯೊಂದರ ಅಂತಿಮ ಸುತ್ತಿಗೆ ಏರಿತು. ಆದರೆ ಲೆಕ್ಕವನ್ನು ಮುಚ್ಚಿಡಬಾರದು. ಈ ದಾರಿಯಲ್ಲಿ ಒಂದು ಕಿಲೋ ಮೆಥನಾಲಿಗೆ ಸುಮಾರು 10 ಯೂನಿಟ್ಟು ವಿದ್ಯುತ್ತು ತಗಲುತ್ತದೆ. ಆ ಕಿಲೋವನ್ನು ಪುಟ್ಟ ಕೋಶಕ್ಕೆ ಕುಡಿಸಿದರೆ ಮರಳುವುದು 1.4 ಯೂನಿಟ್ಟು. ತಂತಿ ಎಳೆಯಬಲ್ಲ ಕಡೆ ಹೀಗೆ ಮಾಡುವವನನ್ನು ಮನೆಯವರು ದುಂದುಗಾರನೆನ್ನುತ್ತಾರೆ, ಅದು ಸರಿಯೇ. ತಂತಿ ಹೋಗಲಾರದ, ಬಿಸಿಲು ಬೀಳದ, ತಿಂಗಳಿಗೆ ಏಳೆಂಟು ಯೂನಿಟ್ಟು ಸಾಕಾಗುವ ಘಟ್ಟದ ಯಂತ್ರಕ್ಕಾದರೆ ಈ ನಷ್ಟವನ್ನು ನುಂಗಬಹುದು. ಒಂದು ಕಾಲಕ್ಕೆ ಮಲೆನಾಡಿನ ಮರ ಭದ್ರಾವತಿಯಲ್ಲಿ ಮೆಥನಾಲಾಯಿತು. ಇನ್ನು ಮುಂದೆ ಬಯಲಿನ ದಿಂಡೂ ಗಾಳಿಯೂ ದ್ರವವಾಗಿ ಕ್ಯಾನಿನಲ್ಲಿ ಕುಳಿತು ಮಲೆನಾಡಿಗೆ ಹತ್ತುವುದಾದರೆ ನನಗೆ ಅದು ಒಪ್ಪಿಗೆ.

ಉಳಿದಿರುವುದು ಆ ಕ್ಯಾನಿನ ಪ್ರಶ್ನೆ. ಹತ್ತು ಮಿಲಿಲೀಟರು ಕಣ್ಣಿಗೆ ಸಾಕು, ಮೂವತ್ತು ಜೀವಕ್ಕೆ ಸಾಕು ಎಂದು ವೈದ್ಯಗ್ರಂಥಗಳು ಹೇಳುವ ದ್ರವ ಅದರಲ್ಲಿ 28 ಲೀಟರು ಇರುತ್ತದೆ. ಹೊತ್ತಿಕೊಂಡರೆ ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೂ ಇಲ್ಲ. ಪರವಾನಗಿಯಿಲ್ಲದೆ ಇದನ್ನು ಇಟ್ಟುಕೊಳ್ಳುವಂತಿಲ್ಲವೆಂಬ ಕಾಯಿದೆ ಸುಮ್ಮನೆ ಹುಟ್ಟಿದುದಲ್ಲ, ಅದನ್ನು ಸಡಿಲಿಸಿರೆಂದು ನಾನು ಕೇಳುವವನೂ ಅಲ್ಲ. ಪರದೇಶದ ಕ್ಯಾನುಗಳಿಗೆ ಯಂತ್ರಕ್ಕೆ ಸಿಕ್ಕಿಸಿದಾಗ ಮಾತ್ರ ತೆರೆಯುವ, ಮಕ್ಕಳ ಕೈಗೆ ಬಗ್ಗದ ಮುಚ್ಚಳವಿದೆ. ಅದು ಸಾಲದು. ಬಾಯಿಗಿಟ್ಟರೆ ಉಗಿಯುವಷ್ಟು ಕಹಿಯನ್ನೂ, ಇದು ಕುಡಿಯುವುದಲ್ಲವೆಂದು ಕತ್ತಲಲ್ಲಿಯೂ ಸಾರುವ ಬಣ್ಣವನ್ನೂ ಬೆರೆಸೋಣವೆಂದರೆ, ಬೆರೆಸಿದ ವಸ್ತು ಪ್ಲಾಟಿನಮ್ಮಿನ ಮೇಲೆ ಹೋಗಿ ಕೂತು ಅದನ್ನು ಕೆಡಿಸಬಹುದು. ಕೋಶಕ್ಕೆ ಬೇಕಾದುದು ಅತ್ಯಂತ ಶುದ್ಧವಾದ ಮೆಥನಾಲು, ಜನರ ಸುರಕ್ಷತೆಗೆ ಬೇಕಾದುದು ಅಶುದ್ಧವಾದ ಮೆಥನಾಲು. ಮನುಷ್ಯನ ನಾಲಿಗೆಗೆ ಕಹಿಯಾಗಿದ್ದು ಪ್ಲಾಟಿನಮ್ಮಿಗೆ ಹಿತವಾಗಿರುವ ಒಂದು ಪದಾರ್ಥವನ್ನು ಹುಡುಕಿಕೊಡುವ ರಸಾಯನಶಾಸ್ತ್ರಜ್ಞ, ಹೊಸ ಪೊರೆಯನ್ನು ಕಂಡುಹಿಡಿಯುವವನಿಗಿಂತ ಮೊದಲು ಈ ನಾಡಿಗೆ ಬೇಕಾಗಿದ್ದಾನೆ.